ಹಳೇ ಪಿನ್ನಿನ ವೈರು

ಮಾರ್ಚ್ 9, ಸೋಮವಾರ

ಇವತ್ತು ಬೆಳಿಗ್ಗೆ ನೆಲ ಗುಡಿಸುವ ರೋಬೋಟು ಸೋಫಾದ ಕೆಳಗೆ ಹೊಕ್ಕು ಮಗಳು ದಾಬಿನ್‌ಳ ಫೋನ್ ಚಾರ್ಜರನ್ನು ನುಂಗಿಕೊಂಡಿತು. ವೈರು ಅರ್ಧ ಒಳಗೆ, ಅರ್ಧ ಹೊರಗೆ. ನಾನು ಅದನ್ನು ಮಗುಚಿ ಹಾಕಿ ಸ್ಕ್ರೂ ಬಿಚ್ಚುತ್ತಿದ್ದರೆ ಮಗಳು ಬಾಗಿಲಲ್ಲಿ ಶೂ ಮೆಟ್ಟಿಕೊಂಡು, "ಅಪ್ಪಾ, ಕಾಲೇಜಿಗೆ ಹೊತ್ತಾಯ್ತು, ನಿಂದೇ ತಗೊಂಡು ಹೋಗ್ತೀನಿ" ಅಂತ ನನ್ನ ಚಾರ್ಜರ್ ಕಿತ್ತುಕೊಂಡು ಓಡಿದಳು. ಮಧ್ಯಾಹ್ನದ ಹೊತ್ತಿಗೆ ನನ್ನ ಫೋನು ಸತ್ತಿತು.

ಹೆಂಡತಿ ಮಿರಾನ್ ಮನೆಯಲ್ಲಿ ಇದ್ದಿದ್ದರೆ ಅವಳ ಮುಂದೆ ಗೊಣಗಿಕೊಳ್ಳುತ್ತಿದ್ದೆ. ಈಗ ಇಲ್ಲಿ ಗೊಣಗುತ್ತಿದ್ದೇನೆ. ಅವಳ ಕಂಪನಿ, ಕಡಲ ಪಾಚಿಯ ಹಾಳೆ ಮಾಡುವ ಕಂಪನಿ, ಅವಳನ್ನು ನಾಲ್ಕು ತಿಂಗಳಿಗೆಂದು ಸೊಕ್ಚೋದ ಹೊಸ ಕಾರ್ಖಾನೆಗೆ ಕಳಿಸಿದೆ. ನಾವು ದೇಶದ ಈ ಮೂಲೆಯ ಮೊಕ್ಪೋದಲ್ಲಿ, ಅವಳು ಆ ಮೂಲೆಯಲ್ಲಿ. ಮನೆಯಲ್ಲಿ ಉಳಿದವರು ನಾನು, ಮಗಳು, ಅತ್ತೆಯವರು.

ಅತ್ತೆಯವರು ವಾಂದೋ ದ್ವೀಪದ ಮನೆ ಬಿಟ್ಟು ಬಂದು ನಮ್ಮ ಜೊತೆ ಇರಲು ಶುರುಮಾಡಿ ಮೂರು ವರ್ಷವಾಯಿತು. ಆದರೆ ನಾವಿಬ್ಬರೂ ನೇರವಾಗಿ ಆಡಿದ ಮಾತನ್ನೆಲ್ಲ ಕೂಡಿಸಿದರೆ ಒಂದು ಊಟದ ಹೊತ್ತಿಗೂ ಸಾಲದು. ಎಲ್ಲ ಮಿರಾನ್ ಮೂಲಕವೇ ನಡೆಯುತ್ತಿತ್ತು. "ಅಮ್ಮಾ, ಅವ್ರಿಗೆ ಸಾರು ಸ್ವಲ್ಪ ಸಪ್ಪೆ ಆಯ್ತಂತೆ." "ರೀ, ಅಮ್ಮ ಟೀವಿ ನೋಡ್ಬೇಕಂತೆ, ಎದ್ದೇಳಿ." ಈಗ ಇಬ್ಬರೂ ಎದುರುಬದುರು ಕೂತು ಹುರಿದ ಮೀನಿನ ತಟ್ಟೆಯನ್ನು ಒಬ್ಬರ ಕಡೆ ಒಬ್ಬರು ತಳ್ಳುತ್ತೇವೆ.

"ನೀವು ತಗೊಳ್ಳಿ ಅಳಿಯಂದ್ರೇ."

"ಇಲ್ಲ ಇಲ್ಲ, ನೀವು ಮೊದಲು ಅತ್ತೆಯವರೇ."

ಮೀನು ಆರಿ ತಣ್ಣಗಾಗುತ್ತದೆ.

ಮಾರ್ಚ್ 14, ಶನಿವಾರ

ಇವತ್ತು ತೀರ್ಮಾನ ಮಾಡಿಬಿಟ್ಟೆ. ಈ ಮನೆಯ ವೈರುಗಳಿಗೆ ಒಂದು ಗತಿ ಕಾಣಿಸಲೇಬೇಕು.

ಎಲ್ಲ ಡ್ರಾಯರುಗಳನ್ನೂ ನೆಲದ ಮೇಲೆ ಸುರಿದೆ. ಕೊಚ್ಚೆಯಲ್ಲಿ ಹಿಡಿದ ಹಾವುಮೀನಿನ ರಾಶಿಯ ಹಾಗೆ ಒಂದಕ್ಕೊಂದು ಸುತ್ತಿಕೊಂಡಿದ್ದವು. ಎಂದೋ ಕೆಟ್ಟ ಕ್ಯಾಮೆರಾದ್ದು, ಕಾಲು ಒತ್ತುವ ಮಷೀನಿನದು, ಮಿರಾನ್ ನನ್ನನ್ನು ಮದುವೆಯಾಗುವ ಮೊದಲು ಇಟ್ಟುಕೊಂಡಿದ್ದ ಮಡಚುವ ಫೋನಿನದು. ಯಾವುದರ ಕುಲ ಯಾವುದೋ, ಯಾರೂ ಬಲ್ಲವರಿಲ್ಲ. ಈಗೆಲ್ಲ ಸಿ ಟೈಪ್ ಪಿನ್ನು ಬಂದಿದೆ. ಫೋನು, ಫ್ಯಾನು, ರೇಜರು ಎಲ್ಲಕ್ಕೂ ಒಂದೇ. ಹಳೇ ಸಣ್ಣ ಪಿನ್ನಿನವನ್ನೆಲ್ಲ ಒಂದೂ ಬಿಡದೆ ಚೀಲಕ್ಕೆ ತುಂಬಿ, ಕೆಳಗೆ ಹಳೇ ಎಲೆಕ್ಟ್ರಿಕ್ ಸಾಮಾನಿನ ತೊಟ್ಟಿಗೆ ಹಾಕಿ ಬಂದೆ. ಬರುವಾಗ ಬೆನ್ನು ಹಗುರಾದ ಹಾಗಿತ್ತು.

ಉಳಿದವಕ್ಕೆ ಖಾನೆಗಳಿರುವ ಒಂದು ಪೆಟ್ಟಿಗೆ ತಂದೆ. ನಾನು ಕೆಲಸ ಮಾಡುವುದು ಮೀನುಗಾರರ ಸಂಘದ ಶೀತಲ ಗೋದಾಮಿನಲ್ಲಿ. ಅಲ್ಲಿ ಚೀಟಿ ಅಂಟಿಸದ ಒಂದು ಪೆಟ್ಟಿಗೆಯೂ ಒಳಗೆ ಹೋಗುವುದಿಲ್ಲ. ಇಲ್ಲೂ ಅದೇ ಕ್ರಮ. ಪ್ರತಿ ವೈರಿಗೆ ಹೆಸರು, ಪ್ರತಿ ಹೆಸರಿಗೆ ಖಾನೆ. ಮುಚ್ಚಳದ ಮೇಲೆ ದಪ್ಪ ಅಕ್ಷರದಲ್ಲಿ ಬರೆದೆ: ಕೇಳದೆ ತೆಗೆಯಬಾರದು.

ದಾಬಿನ್ ನೋಡಿ, "ಅಪ್ಪಾ, ಇದು ಮನೇನಾ, ಬಂದರಿನ ಕಸ್ಟಮ್ಸ್ ಆಫೀಸಾ?" ಅಂದಳು.

ಅತ್ತೆಯವರು ಅಪಾರ್ಟ್‌ಮೆಂಟಿನ ಹಿರಿಯರ ಕೋಣೆಯಲ್ಲಿ ಇಸ್ಪೀಟು ಮುಗಿಸಿ ಸಂಜೆ ಬಂದರು. ಪೆಟ್ಟಿಗೆಯ ಮುಂದೆ ಸುಮಾರು ಹೊತ್ತು ನಿಂತಿದ್ದರು. "ಬಹಳ ಚೆನ್ನಾಗಿ ಜೋಡಿಸಿದೀರಿ ಅಳಿಯಂದ್ರೇ" ಅಂದರು. ನನಗೆ ಅವರ ಬಾಯಿಂದ ಬಂದ ಮೊದಲ ಹೊಗಳಿಕೆ ಇದೇ ಇರಬೇಕು.

ಮಾರ್ಚ್ 19, ಗುರುವಾರ

ವಾಷಿಂಗ್ ಮಷೀನು ಮುಗಿದಾಗ ಹಾಡು ಹೇಳುತ್ತದೆ. ಅತ್ತೆಯವರು ಎಲ್ಲಿದ್ದರೂ ಆ ಹಾಡಿಗೆ ದನಿಗೂಡಿಸುತ್ತ ಬಂದು ಬಟ್ಟೆ ತೆಗೆಯುತ್ತಿದ್ದರು. ನಿನ್ನೆ ಬಟ್ಟೆ ಒಳಗೇ ಉಳಿದು ಮುಗ್ಗಲು ವಾಸನೆ ಹಿಡಿದಿದೆ. ಮೊನ್ನೆಯೂ ಹಾಗೇ. ಇವತ್ತು ಅನ್ನದ ಕುಕ್ಕರು "ಅನ್ನ ಸಿದ್ಧವಾಗಿದೆ, ಒಮ್ಮೆ ಕಲಕಿ" ಅಂತ ಕೂಗಿಕೊಂಡರೂ ಪಕ್ಕದಲ್ಲೇ ಕೂತಿದ್ದವರು ಏಳಲಿಲ್ಲ.

ಏನೋ ಕೋಪವಿದೆ. ಮಗಳು ಊರಲ್ಲಿಲ್ಲದಾಗ ಅಳಿಯನ ಮನೆಯಲ್ಲಿ ನಾನೇಕೆ ದುಡಿಯಲಿ ಅಂತಲೋ ಏನೋ.

ಮಾರ್ಚ್ 23, ಸೋಮವಾರ

ಟೀವಿಯ ದನಿಯನ್ನು ಪೂರ್ತಿ ಇಳಿಸಿ ಧಾರಾವಾಹಿ ನೋಡುತ್ತಿದ್ದರು. ನನಗೆ ತೊಂದರೆಯಾಗಬಾರದೆಂದು ತೋರಿಸಿಕೊಳ್ಳುವ ರೀತಿ ಇದು. "ಜೋರಾಗಿ ಹಾಕಿಕೊಳ್ಳಿ ಅತ್ತೆಯವರೇ, ಪರವಾಗಿಲ್ಲ" ಅಂದೆ. ನಕ್ಕು ತಲೆಯಾಡಿಸಿದರು. ದನಿ ಏರಿಸಲಿಲ್ಲ. ಇಂಥ ಮೌನದ ಜೊತೆ ಬದುಕುವುದಕ್ಕಿಂತ ಬೈಸಿಕೊಳ್ಳುವುದು ಮೇಲು.

ಮಾರ್ಚ್ 26, ಗುರುವಾರ

ನಾಳೆ ಆಫೀಸಿನವರ ಜೊತೆ ಊಟ, ನನಗೆ ಅಡುಗೆ ಬೇಡ ಅಂದೆ. "ಆಯ್ತು" ಅಂದರು. ಈಗ ಎಲ್ಲದಕ್ಕೂ ಆಯ್ತು.

ಮಾರ್ಚ್ 27, ಶುಕ್ರವಾರ

ಕಂಠಪೂರ್ತಿ ತಿಂದು ಮನೆಗೆ ಬಂದರೆ ಅತ್ತೆಯವರು ಉಣ್ಣದೆ ಕಾದಿದ್ದರು. ಏಡಿಯ ಸಾರು ಮಾಡಿದ್ದರು. ಏಡಿಯ ಕಾಲುಗಳನ್ನೆಲ್ಲ ಕತ್ತರಿಯಿಂದ ಸೀಳಿ ನನ್ನ ಬಟ್ಟಲಿನ ಪಕ್ಕ ಸಾಲಾಗಿ ಇಟ್ಟಿದ್ದರು. ಹೇಳಿದ್ದೆನಲ್ಲ ಅನ್ನಲು ಬಾಯಿ ತೆರೆದವನು ಹಾಗೇ ಮುಚ್ಚಿ ಕೂತು ಉಂಡೆ. ಹೊಟ್ಟೆ ಬಿರಿಯುತ್ತಿದೆ. ಸಾರು ಚೆನ್ನಾಗಿತ್ತು, ಅದನ್ನು ಬರೆಯದಿದ್ದರೆ ಅನ್ಯಾಯವಾಗುತ್ತದೆ.

ಏಪ್ರಿಲ್ 1, ಬುಧವಾರ

ಮಿರಾನ್ ಫೋನ್ ಮಾಡಿದಳು.

"ರೀ, ಕೋಪ ಮಾಡ್ಕೋಬೇಡಿ. ಮೊದಲು ಪೂರ್ತಿ ಕೇಳಿ."

ಹೀಗೆ ಶುರುವಾದ ಯಾವ ಮಾತೂ ಚಿಕ್ಕದಿರುವುದಿಲ್ಲ. ಸೊಕ್ಚೋದಲ್ಲೇ ಎರಡು ವರ್ಷ ಇರು, ಗುಣಮಟ್ಟ ಪರೀಕ್ಷೆಯ ವಿಭಾಗಕ್ಕೆ ನೀನೇ ಮುಖ್ಯಸ್ಥೆ ಅಂತ ಕಂಪನಿಯವರು ಹೇಳಿದ್ದಾರೆ. ಎರಡು ಕೋಣೆಯ ಮನೆಯೂ ಕೊಡುತ್ತಾರಂತೆ.

"ಅಮ್ಮನ್ನ ಜೊತೇಲಿ ಕರ್ಕೊಂಡು ಬಂದುಬಿಡ್ತೀನಿ. ನಿಮಗೂ ಕಷ್ಟ, ಅವಳಿಗೂ ಸಂಕೋಚ, ನನಗೆ ಗೊತ್ತಾಗಲ್ವಾ? ಭಾನುವಾರ ವೀಡಿಯೋ ಕಾಲಲ್ಲಿ ಅಮ್ಮನಿಗೆ ಎಲ್ಲಾ ಹೇಳಿದೆ. ಎಷ್ಟು ಖುಷಿಯಾದ್ಲು ಅಂತೀರಿ! 'ಹಾಗೇ ಮಾಡು, ಬೇಗ ಮಾಡು' ಅಂದ್ಲು."

"ಬೇಗ ಅಂದ್ರಾ?"

"ಹೂಂ. ನೀವೇನಂತೀರಿ? ಹದಿಮೂರನೇ ತಾರೀಕು ಒಪ್ಪಿಗೆ ಕೊಡ್ಬೇಕು."

"ಸರಿ" ಅಂದೆ. ಹೆಂಡತಿ ಮುಖ್ಯಸ್ಥೆಯಾಗುವುದನ್ನು ಬೇಡ ಅನ್ನುವ ಗಂಡ ನಾನಲ್ಲ. ದಾಬಿನ್ ದೊಡ್ಡವಳಾಗಿದ್ದಾಳೆ. ಬಸ್ಸುಗಳಿವೆ. ಎಲ್ಲ ಸರಿಯೇ.

ಆದರೆ ಅತ್ತೆಯವರು ಭಾನುವಾರದಿಂದ ಇದನ್ನು ಮನಸ್ಸಿನಲ್ಲಿಟ್ಟುಕೊಂಡು ನನಗೊಂದು ಮಾತು ಹೇಳದೆ ಓಡಾಡಿದರಲ್ಲ. ಬೇಗ ಮಾಡು ಅಂದರಂತೆ. ಮನೆ ಖಾಲಿಯಾಗುತ್ತದೆ, ಟೀವಿಯೂ ಸೋಫಾವೂ ನನ್ನದಾಗುತ್ತವೆ. ಸಂತೋಷವಾಗಬೇಕಿತ್ತು.

ಏಪ್ರಿಲ್ 4, ಶನಿವಾರ

ಹೇಗೆ ಬರೆಯುವುದೋ ತಿಳಿಯುತ್ತಿಲ್ಲ.

ಬೆಳಿಗ್ಗೆ ಅಪಾರ್ಟ್‌ಮೆಂಟಿನಲ್ಲಿ ಬೆಂಕಿ ಅನಾಹುತದ ತಾಲೀಮು ಇತ್ತು. ಪ್ರತಿ ಮನೆಯ ಚಾವಣಿಯ ಸ್ಪೀಕರಿನಲ್ಲಿ ಸೈರನ್ನು ಬಾರಿಸುತ್ತಾರೆ. ದಾಬಿನ್ ದಿಂಬಿನಿಂದ ಕಿವಿ ಮುಚ್ಚಿಕೊಂಡು ಕಿರುಚಿದಳು. ಎದುರು ಮನೆಯ ನಾಯಿ ಊಳಿಟ್ಟಿತು. ನಾನು ಅಡುಗೆಮನೆಗೆ ಬಂದೆ. ಸ್ಪೀಕರಿನ ನೇರ ಕೆಳಗೆ, ನನಗೆ ಬೆನ್ನು ಮಾಡಿ ಕೂತು, ಅತ್ತೆಯವರು ಆರಾಮಾಗಿ ಬೆಳ್ಳುಳ್ಳಿ ಸುಲಿಯುತ್ತಿದ್ದರು.

"ಅತ್ತೆಯವರೇ."

ಸುಲಿಯುತ್ತಲೇ ಇದ್ದರು.

ಹೆಗಲು ಮುಟ್ಟಿದೆ. ಬೆಚ್ಚಿಬಿದ್ದರು; ಬೆಳ್ಳುಳ್ಳಿ ನೆಲದ ತುಂಬ ಚೆಲ್ಲಿತು. ನಾನು ಚಾವಣಿ ತೋರಿಸಿದೆ, ಕಿವಿ ತೋರಿಸಿದೆ. ಅವರು ನನ್ನ ಮುಖವನ್ನೇ ನೋಡಿದರು. ಆಮೇಲೆ ಕೂದಲು ಸರಿಸಿ, ಎರಡೂ ಕಿವಿಯ ಮಷೀನುಗಳನ್ನು ಕಳಚಿ ನನ್ನ ಅಂಗೈಯಲ್ಲಿಟ್ಟರು.

"ಸತ್ತು ಹೋಗಿವೆ" ಅಂದರು, ಸ್ವಲ್ಪ ಜೋರಾಗಿ. "ಚಾರ್ಜ್ ಮಾಡೋ ಡಬ್ಬಿ ಇದೆ, ವೈರು ಇಲ್ಲ. ನಿಮ್ಮ ಪೆಟ್ಟಿಗೇನ ಕೇಳದೆ ಎರಡು ಸಲ ತೆಗೆದು ನೋಡಿದೆ, ತಪ್ಪು ತಿಳ್ಕೋಬೇಡಿ. ಯಾವುದೂ ಕೂರ್ಲಿಲ್ಲ."

ಡಬ್ಬಿ ತಂದು ತೋರಿಸಿದರು. ಹಿಂಭಾಗದಲ್ಲಿ ಸಣ್ಣ ತೂತು. ಹಳೇ ಪಿನ್ನು.

ನಾನು ಸೂಪರ್‌ಮಾರ್ಕೆಟ್ಟಿನ ಜಾಹೀರಾತು ಕಾಗದದ ಬೆನ್ನಿಗೆ ಬರೆದೆ: ನನ್ನನ್ನು ಯಾಕೆ ಕೇಳಲಿಲ್ಲ?

ಅವರು ಕಾಗದವನ್ನು ದೂರ ಹಿಡಿದು ಓದಿದರು. "ಅಷ್ಟು ಚೆನ್ನಾಗಿ ಜೋಡಿಸಿದ್ರಿ. ಅದ್ರಲ್ಲಿ ನಂದೊಂದು ಇಲ್ಲ ಅಂತ ಹೇಗೆ ಹೇಳ್ಲಿ?"

ಕೋಪವಲ್ಲ, ಸಂಕೋಚವೂ ಅಲ್ಲ. ವಾಷಿಂಗ್ ಮಷೀನಿನ ಹಾಡು, ಕುಕ್ಕರಿನ ಕೂಗು, ನಾನು ಬೇಡ ಅಂದ ಅಡುಗೆ, ಯಾವುದೂ ಅವರಿಗೆ ಕೇಳಿಸಿರಲಿಲ್ಲ. ಕೂದಲ ಮರೆಯಲ್ಲಿದ್ದ ಆ ಮಷೀನುಗಳು ನನಗೆ ನೆನಪೇ ಆಗಿರಲಿಲ್ಲ. ನನ್ನ ಕೈಯಿಂದಲೇ ಆ ವೈರನ್ನು ತೊಟ್ಟಿಗೆ ಹಾಕಿ, ಬೆನ್ನು ಹಗುರಾಯಿತು ಅಂದುಕೊಂಡಿದ್ದೆ.

ತಟ್ಟನೆ ಇನ್ನೊಂದು ಹೊಳೆಯಿತು. ಬರೆದು ಕೇಳಿದೆ: ಭಾನುವಾರ ಮಿರಾನ್ ಏನು ಹೇಳಿದಳು?

ಅವರ ಮುಖ ಅರಳಿತು. "ಒಣಗಿಸಿದ ಮೀನು ಕಳಿಸ್ತಾಳಂತೆ. ಸೊಕ್ಚೋ ಮೀನಲ್ವಾ! ಇಷ್ಟುದ್ದ ಅಂತ ಎರಡೂ ಕೈ ಚಾಚಿ ತೋರಿಸಿದ್ಲು. ಹಾಗೇ ಮಾಡು, ಬೇಗ ಮಾಡು ಅಂದೆ."

ಮಿರಾನ್ ಕೈ ಚಾಚಿ ತೋರಿಸಿದ್ದು ಕಂಪನಿ ಕೊಡುವ ಮನೆಯ ಕೋಣೆಯ ಅಗಲವನ್ನು.

ಪೆನ್ನು ನನ್ನ ಕೈಯಲ್ಲೇ ಇತ್ತು. ಬರೆದು ತಿಳಿಸಿಬಿಡಬಹುದಿತ್ತು. ಆದರೆ ಮೂಲಂಗಿ, ಮೊಟ್ಟೆಗಳ ಜಾಹೀರಾತಿನ ಬೆನ್ನಿಗೆ ಬರೆಯುವಂಥ ಸುದ್ದಿಯೇ ಅದು? ಕಿವಿಯಾರೆ ಕೇಳಬೇಕಾದ್ದು. ಕೂತು ಇಬ್ಬರೂ ನೆಲದ ಮೇಲಿನ ಬೆಳ್ಳುಳ್ಳಿ ಆರಿಸಿದೆವು.

ಏಪ್ರಿಲ್ 5, ಭಾನುವಾರ

ಕಿವಿಯ ಮಷೀನಿನ ಅಂಗಡಿಗೆ ಭಾನುವಾರ ರಜೆ. ಮೂಲೆಯ ಅಂಗಡಿ, ಸ್ಟೇಷನ್ ಎದುರಿನ ಫೋನ್ ಅಂಗಡಿ, ಎಲ್ಲ ಸುತ್ತಿದೆ. ಫೋನ್ ಅಂಗಡಿಯ ಹುಡುಗಿ, "ಅದು ಯಾವ ಕಾಲದ್ದು ಸಾರ್?" ಅಂತ ಮ್ಯೂಸಿಯಂ ಸಾಮಾನು ನೋಡುವ ಹಾಗೆ ಡಬ್ಬಿ ನೋಡಿದಳು. ಕೆಳಗಿನ ತೊಟ್ಟಿಯನ್ನು ಎಂದೋ ಖಾಲಿ ಮಾಡಿದ್ದರು. ಬರಿಗೈಯಲ್ಲಿ ಬಂದು ಸೋಫಾದಲ್ಲಿ ಕುಸಿದೆ.

"ಅಪ್ಪಾ, ನನ್ನನ್ನ ಮೊದಲೇ ಕೇಳಬಾರದಾ?" ಅಂದಳು ದಾಬಿನ್. ನೆರೆಹೊರೆಯವರು ಹಳೇ ಸಾಮಾನು ಕೊಟ್ಟು ತೆಗೆದುಕೊಳ್ಳುವ ಆಪಿನಲ್ಲಿ ಬರೆದಳಂತೆ: ನಮ್ಮಜ್ಜಿಗೆ ಕಿವಿ ಕೇಳಿಸಬೇಕು, ಹಳೇ ಪಿನ್ನಿನ ವೈರು ಯಾರ ಹತ್ತಿರವಾದರೂ ಇದೆಯೇ.

ಸ್ವಲ್ಪ ಹೊತ್ತಿಗೆ ಬೆಲ್ಲು ಬಡಿಯಿತು. ಮತ್ತೆ ಬಡಿಯಿತು. ಆಮೇಲೆ ಬಾಗಿಲು ಹಾಕುವುದನ್ನೇ ಬಿಟ್ಟೆವು. ಬೆಟ್ಟ ಹತ್ತುವ ಟೋಪಿ ಹಾಕಿದ ಒಬ್ಬರು ಯಜಮಾನರು ನಾಲ್ಕು ವೈರುಗಳನ್ನು ರಬ್ಬರ್ ಬ್ಯಾಂಡಿನಲ್ಲಿ ಕಟ್ಟಿ ತಂದರು. ಕೂಸನ್ನು ಎದೆಗೆ ಕಟ್ಟಿಕೊಂಡ ಒಬ್ಬಾಕೆ ಬಂದಳು. ಪಕ್ಕದ ಕಟ್ಟಡದ ಹೆಂಗಸು, ತಲೆಯಲ್ಲಿ ಕೂದಲು ಸುತ್ತುವ ಉರುಳೆಗಳ ಸಮೇತ, ಒಂದು ಕೈಚೀಲವನ್ನೇ ನನ್ನ ಕೈಗೆ ತುರುಕಿದಳು.

"ಎಲ್ಲಾ ತಗೊಳ್ಳಿ."

"ಒಂದು ಸಾಕಿತ್ತು."

"ಇಲ್ಲ, ಎಲ್ಲಾ ತಗೊಳ್ಳಿ! ನಮ್ಮನೆಯವ್ರ ಕಣ್ಣಿಗೆ ಬಿದ್ರೆ ಮತ್ತೆ ಡ್ರಾಯರಿಗೆ ವಾಪಸ್ ಹೋಗುತ್ತೆ."

ಯಾರೂ ಹಣ ಮುಟ್ಟಲಿಲ್ಲ. ಅತ್ತೆ ಏನೊಂದೂ ಕೇಳಿಸದೆಯೇ ಎಲ್ಲ ಅರ್ಥಮಾಡಿಕೊಂಡು, ವಾಂದೋದಿಂದ ತರಿಸಿದ ಒಣ ನೆತ್ತಲಿ ಮೀನನ್ನು ಪೊಟ್ಟಣ ಕಟ್ಟಿ ಕಟ್ಟಿ ಬಂದವರ ಜೇಬಿಗೇ ತುರುಕಿದರು. ಈಗ ನಮ್ಮ ಮನೆಯಲ್ಲಿ ನಾನು ಎಸೆದದ್ದಕ್ಕಿಂತ ಹೆಚ್ಚು ಹಳೇ ವೈರುಗಳಿವೆ. ಒಂದನ್ನೂ ಬಿಸಾಡಲು ಮನಸ್ಸಿಲ್ಲ.

ಡಬ್ಬಿಯಲ್ಲಿ ಹಸಿರು ದೀಪ ಹತ್ತಿದಾಗ ಮೂವರೂ ಸುತ್ತ ಕೂತು ನೋಡಿದೆವು. ಸಂಜೆ ಅತ್ತೆ ಮಷೀನು ಹಾಕಿಕೊಂಡು, ಕತ್ತು ವಾಲಿಸಿ, "ಈ ಫ್ರಿಜ್ಜು ಯಾಕೆ ಹೀಗೆ ಅರಚ್ಕೊಳ್ತಿದೆ?" ಅಂದರು. ದಾಬಿನ್ ಅವರನ್ನು ತಬ್ಬಿಕೊಂಡಳು.

ಆಗ ನಾನು ಸೊಕ್ಚೋದ ವಿಷಯ ಹೇಳಿದೆ. ಪೂರ್ತಿ, ನಿಧಾನವಾಗಿ. ಅವರು ನಡುವೆ ಬಾಯಿ ಹಾಕಲಿಲ್ಲ. ಮುಗಿದ ಮೇಲೆ ಮಗಳಿಗೆ ಫೋನ್ ಮಾಡಿದರು.

"ಏನೇ ಮಿರಾನ್, ನನ್ನನ್ನ ಮೂಟೆ ಕಟ್ಟಿ ಬಸ್ಸಿಗೆ ಹಾಕೋದು ಅಂತ ತೀರ್ಮಾನ ಮಾಡಿದೀಯಂತೆ?"

"ಅಮ್ಮಾ! ನೀನೇ ಮಾಡು ಅಂದೆಯಲ್ಲ!"

"ಮೀನಿಗೆ ಅಂದೆ ಕಣೇ ನಾನು!"

"ಯಾವ ಮೀನು?"

ಇಬ್ಬರೂ ಬಹಳ ಹೊತ್ತು ಜಗಳವಾಡಿದರು. ಕೊನೆಗೆ ಮಿರಾನ್ ನಕ್ಕಳು, ಆಮೇಲೆ ಅತ್ತಳು. ಶನಿವಾರ ಬರುತ್ತೇನೆ, ಕೂತು ಮಾತಾಡೋಣ ಅಂದಳು.

ಫೋನು ಇಟ್ಟ ಮೇಲೆ ಅತ್ತೆ ನನ್ನ ಕಡೆ ತಿರುಗಿದರು. "ಅವಳು ಕೇಳಿದಾಗ ನೀವೇನಂದ್ರಿ?"

"ಸರಿ ಅಂದೆ."

"ಸರಿ ಅಂದ್ರಾ" ಅಂದು, ಎದ್ದು ತಮ್ಮ ಕೋಣೆಗೆ ಹೋದರು.

ಏಪ್ರಿಲ್ 8, ಬುಧವಾರ

ವಾಷಿಂಗ್ ಮಷೀನು ಹಾಡಿತು. ಅತ್ತೆ ಬಂದು ಬಟ್ಟೆ ತೆಗೆದರು. ದನಿಗೂಡಿಸಲಿಲ್ಲ.

ಏಪ್ರಿಲ್ 9, ಗುರುವಾರ

ಅತ್ತೆಯ ಕೋಣೆಯ ಬಾಗಿಲು ಅರೆ ತೆರೆದಿತ್ತು. ಚಳಿಗಾಲದ ಬಟ್ಟೆಗಳನ್ನು ಹೊರಗೆ ತೆಗೆದು ಮಡಚುತ್ತಿದ್ದರು. ಏಪ್ರಿಲ್‌ನಲ್ಲಿ ಯಾರು ಉಣ್ಣೆಯ ಅಂಗಿ ಹೊರಗೆ ತೆಗೆಯುತ್ತಾರೆ? ಸೊಕ್ಚೋದ ಬೆಟ್ಟದಲ್ಲಿ ಇನ್ನೂ ಹಿಮ ಇರುತ್ತದಂತೆ.

ಕೇಳಬೇಕೆಂದು ಎರಡು ಸಲ ಬಾಗಿಲವರೆಗೆ ಹೋದೆ. ಎರಡನೇ ಸಲ ಅವರು ತಲೆಯೆತ್ತಿ, "ಏನಾದ್ರೂ ಬೇಕಿತ್ತಾ ಅಳಿಯಂದ್ರೇ?" ಅಂದರು. "ಕತ್ತರಿ" ಅಂದೆ. ಕತ್ತರಿ ಕೊಟ್ಟರು. ಅದನ್ನು ಹಿಡಿದುಕೊಂಡು ಏನು ಮಾಡಬೇಕೆಂದು ತಿಳಿಯದೆ ನಡುಮನೆಯಲ್ಲಿ ನಿಂತಿದ್ದೆ.

ಗೋದಾಮಿನಲ್ಲಿ ಇವತ್ತು ಬಂಗಡೆಯ ಪೆಟ್ಟಿಗೆಗಳಿಗೆ ಸೀಗಡಿಯ ಚೀಟಿ ಅಂಟಿಸಿದೆನಂತೆ. ಇಷ್ಟು ವರ್ಷದಲ್ಲಿ ಮೊದಲ ಸಲ. ಹವೆ ಬದಲಾಗಿದ್ದರಿಂದ ಇರಬೇಕು.

ಏಪ್ರಿಲ್ 11, ಶನಿವಾರ

ಮಿರಾನ್ ಬಂದಳು. ತೆಳ್ಳಗಾಗಿದ್ದಾಳೆ, ಮುಖದಲ್ಲಿ ಕಳೆ ಏರಿದೆ. ಬರುವಾಗ ಒಣಮೀನಿನ ದೊಡ್ಡ ಕಟ್ಟು ಹೊತ್ತು ತಂದಳು. "ತಗೋ ಅಮ್ಮಾ, ನೀನು ಒಪ್ಪಿದ್ದು ಇದಕ್ಕೇ ತಾನೆ" ಅಂತ ತಾಯಿಯ ಮಡಿಲಿಗೆ ಹಾಕಿದಳು.

ಊಟಕ್ಕೆ ಕೂತಾಗ ಮಾತು ಬಂತು.

ಅತ್ತೆ ಮೊದಲು ಮಗಳಿಗೆ ಹೇಳಿದರು. "ನೀನು ಹೋಗೋದು ಹೋಗು. ಅದ್ರಲ್ಲಿ ಎರಡು ಮಾತಿಲ್ಲ. ಕೇಳಿಸಿದ್ರೂ ಮಾಡು ಅಂತಾನೇ ಅಂತಿದ್ದೆ. ಮೊದಲು ನಾಲ್ಕು ಬೈದು ಆಮೇಲೆ ಅಂತಿದ್ದೆ, ಅಷ್ಟೆ."

"ನೀನು?"

"ನಂದು ನಿನ್ನ ಗಂಡನ್ನ ಕೇಳು."

ಎಲ್ಲರೂ ನನ್ನನ್ನು ನೋಡಿದರು. ಬಾಯಲ್ಲಿ ಅನ್ನವಿತ್ತು. ನುಂಗಿದೆ.

"ಸೊಕ್ಚೋದಲ್ಲಿ ಚಳಿ ಜಾಸ್ತಿ" ಅಂದೆ.

"ಮನೇಲಿ ನೆಲ ಬೆಚ್ಚಗಿರುತ್ತೆ ರೀ" ಅಂದಳು ಮಿರಾನ್.

"ಹಿರಿಯರ ಕೋಣೆಯ ಸ್ನೇಹಿತೆಯರು ಇಲ್ಲಿದಾರೆ."

"ಅಲ್ಲೂ ಒಂದಿದೆ, ನೋಡ್ಕೊಂಡು ಬಂದಿದೀನಿ."

"ವೈದ್ಯರು..."

"ಅಪ್ಪಾ!" ಅಂದಳು ದಾಬಿನ್. "ಅಜ್ಜಿ ಕಾಯ್ತಿದಾಳೆ. ಹೇಳೋದನ್ನ ಹೇಳು!"

ಅತ್ತೆ ಚಮಚ ಕೆಳಗಿಟ್ಟು ಕಾಯುತ್ತಿದ್ದರು ನಿಜ. ಕಿವಿಯ ಹಿಂದಿನ ಕೂದಲನ್ನೂ ಸರಿಸಿಕೊಂಡಿದ್ದರು.

"ಅತ್ತೇ, ನೀವು ಹೋದ್ರೆ ನನಗೆ ಬೇಜಾರಾಗುತ್ತೆ" ಅಂದೆ.

ಅತ್ತೆ ಮೀನಿನ ದೊಡ್ಡ ತುಂಡೊಂದನ್ನು ಮುಳ್ಳು ತೆಗೆದು ನನ್ನ ಅನ್ನದ ಮೇಲಿಟ್ಟರು.

"ಇಷ್ಟು ಹೇಳೋಕೆ ಊರೆಲ್ಲಾ ಸುತ್ತಿ ಬರ್ಬೇಕಿತ್ತಾ? ಉಣ್ಣು, ಆರಿಹೋಗುತ್ತೆ. ಮೂರು ದಿನದಿಂದ ಆ ಉಣ್ಣೆ ಬಟ್ಟೇನ ತೆಗೆಯೋದು, ಮಡಚೋದು, ಮತ್ತೆ ಇಡೋದು ಮಾಡಿ ನನ್ನ ತೋಳು ಬಿದ್ದುಹೋಗಿದೆ."

ಮಿರಾನ್ ಒಮ್ಮೆ ತಾಯಿಯನ್ನು, ಒಮ್ಮೆ ನನ್ನನ್ನು ನೋಡಿದಳು. "ನಾನು ಊರಲ್ಲಿಲ್ಲದಾಗ ಈ ಮನೇಲಿ ಏನಾಯ್ತು?" ಅಂದಳು. ಏನೂ ಆಗಲಿಲ್ಲ, ಒಂದು ವೈರು ಕಳೆದಿತ್ತು ಅಂದೆ.

ಏಪ್ರಿಲ್ 12, ಭಾನುವಾರ

ಮಿರಾನ್‌ಳನ್ನು ಬಸ್ಸು ಹತ್ತಿಸಿದೆವು. ಕಿಟಕಿಯಲ್ಲಿ ಅವಳು ಅಳುತ್ತಲೇ ಕೈ ಬೀಸಿದಳು. "ದಾರಿಯಲ್ಲಿ ಗ್ವಾಂಗ್ಜು ಊರು ಬರೋವರೆಗೂ ಅಳ್ತಾಳೆ, ಆಮೇಲೆ ಬಾಯಿ ತೆರೆದು ನಿದ್ದೆ ಮಾಡ್ತಾಳೆ. ಚಿಕ್ಕವಳಿದ್ದಾಗಿಂದಲೂ ಹೀಗೇ" ಅಂದರು ಅತ್ತೆ. ಅವರ ಕಣ್ಣೂ ಒದ್ದೆಯಾಗಿತ್ತು.

ನೇರ ಮನೆಗೆ ಹೋಗಲು ಇಬ್ಬರಿಗೂ ಮನಸ್ಸಿರಲಿಲ್ಲ. ಬಂದರಿನ ಬಳಿ ಆಕ್ಟೋಪಸ್ ಗಂಜಿ ಮಾಡುವ ಅಂಗಡಿಗೆ ಹೋದೆವು. ಕಿಟಕಿಯ ಪಕ್ಕ ಜಾಗ ಸಿಕ್ಕಿತು. ದ್ವೀಪಗಳಿಂದ ವಾಪಸಾಗುವ ದೋಣಿಗಳು ಒಂದೊಂದಾಗಿ ಬರುತ್ತಿದ್ದವು. ಗೋದಾಮಿನ ಹೊಸ ಮ್ಯಾನೇಜರನ ಕತೆ ಹೇಳಿದೆ. ಅತ್ತೆ ನಕ್ಕು ನಕ್ಕು ಕೆಮ್ಮಿದರು. ಅಂಗಡಿಯಾಕೆ ತಟ್ಟೆ ಇಡುತ್ತ, "ಮಗನ ಜೊತೆ ಬಂದ್ರಾ ಅಜ್ಜಿ?" ಅಂತ ಕೇಳಿದಳು.

"ಅಯ್ಯೋ ಇಲ್ಲ, ಅಳಿಯ. ಮಗ ಆಗಿದ್ರೆ ಅಮ್ಮನ ಜೊತೆ ಗಂಜಿ ಕುಡಿಯೋಕೆ ಬರ್ತಾನಾ?"

ಗಂಜಿ ಬಿಸಿಯಿತ್ತು. ಅತ್ತೆ ಸುಮಾರು ಹೊತ್ತು ಊದುತ್ತ ಕೂತಿದ್ದರು. ಆಮೇಲೆ, ದೋಣಿಗಳ ಕಡೆ ನೋಡುತ್ತಲೇ ಹೇಳಿದರು.

"ಆ ಭಾನುವಾರ ಅವಳು ಹೇಳಿದ್ದು ಕೇಳಿಸಿದ್ದಿದ್ರೆ ನಾನು ಹೋಗ್ಬಿಡ್ತಿದ್ದೆ ಕಣೋ. ಮಗಳಿಲ್ಲದ ಮನೇಲಿ ಅಳಿಯನ ಜೊತೆ ಯಾವ ಮುಖ ಇಟ್ಕೊಂಡು ಇರ್ಲಿ ಅಂತ, ನಿನ್ನನ್ನ ಒಂದು ಮಾತು ಕೇಳದೆ ಹೋಗ್ಬಿಡ್ತಿದ್ದೆ."

ನನ್ನ ಬಟ್ಟಲಿನಲ್ಲಿ ಆಕ್ಟೋಪಸ್ಸಿನ ಮೆತ್ತನೆಯ ತುಂಡುಗಳಿದ್ದವು. ಅವರ ಹಲ್ಲಿಗೆ ಆಗುವಂಥವನ್ನು ಆರಿಸಿ ಅವರ ಬಟ್ಟಲಿಗೆ ಹಾಕಿದೆ. ಬೇಡ ಅನ್ನದೆ ತಿಂದರು.